ಐಎಸ್‌ಒ ಕಾರ್ಖಾನೆಯಲ್ಲಿ ಹೊಸ ಆಲೋಚನೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿ, ಮಂಡ್ಯ ಕಡೆಯ ತೂಬಿನಕೆರೆ, ಹೀಗೆ ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಗೇಟಿನ ಫಲಕಗಳಲ್ಲಿ ಕಂಪನಿ ಹೆಸರಿನ ಕೆಳಗೆ ‘ಐಎಸ್‌ಒ 9001’ ಎಂಬ ಸಾಲು ಕಾಣಸಿಗುತ್ತದೆ. ಗುಣಮಟ್ಟ ಕಾಯ್ದುಕೊಳ್ಳುವ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಅದು. ವಾಹನದ ಬಿಡಿಭಾಗ ಮಾಡುವವರಾದರೆ ಐಎಟಿಎಫ್ 16949, ಆಹಾರ ಪದಾರ್ಥದವರಾದರೆ ಐಎಸ್‌ಒ 22000. ಈ ಫಲಕಗಳ ಒಳಗೆ ಕೆಲಸ ಮಾಡುವವರಿಂದ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. ‘ನಮ್ಮ ಹುಡುಗರು ಹೇಳಿದ್ದಷ್ಟೇ ಮಾಡ್ತಾರೆ, ತಲೆ ಓಡಿಸೋದಿಲ್ಲ’ ಎನ್ನುತ್ತಾರೆ ಮ್ಯಾನೇಜರುಗಳು. ‘ತಲೆ ಓಡಿಸಿದ್ರೆ ಆಡಿಟ್‌ನಲ್ಲಿ ಎನ್‌ಸಿ ಬೀಳುತ್ತೆ ಸಾರ್’ ಎನ್ನುತ್ತಾರೆ ಆಪರೇಟರುಗಳು (ಎನ್‌ಸಿ ಎಂದರೆ ನಾನ್‌ಕನ್ಫಾರ್ಮಿಟಿ, ನಿಯಮದಂತೆ ನಡೆದಿಲ್ಲ ಎಂದು ಆಡಿಟರ್ ದಾಖಲಿಸುವ ಲೋಪ). ಎರಡೂ ನಿಜವೇ. ಎರಡಕ್ಕೂ ಮೂಲ ಒಂದೇ.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. ಸದ್ಯ ಬಳಕೆಯಲ್ಲಿರುವ ಐಎಸ್‌ಒ 9001 ಆವೃತ್ತಿ 2015ರದ್ದು. ಅದರ ಪರಿಷ್ಕರಣೆ ಕೈಗೆತ್ತಿಕೊಂಡು 2025ರಲ್ಲಿ ಕರಡು ಹೊರಬಿಡಲಾಯಿತು. ಹಿಂದೆ 2015ರ ಆವೃತ್ತಿಗೆ ಬದಲಾಗಲು ಮೂರು ವರ್ಷ ಕಾಲಾವಕಾಶ ಸಿಕ್ಕಿತ್ತು. ಆಗ ಬಹಳಷ್ಟು ಘಟಕಗಳು ಹಳೆಯ ಕೈಪಿಡಿಗೆ ಹೊಸ ಕಲಮಿನ ನಂಬರ್ ಅಂಟಿಸಿ ಕೆಲಸ ಮುಗಿಸಿದವು. ಕೈಪಿಡಿಯನ್ನು ನಿಜವಾಗಿ ತೆರೆದು ಓದುವ ಅವಕಾಶ ಮತ್ತೊಮ್ಮೆ ಬರುತ್ತಿದೆ. ಈ ಸಲವೂ ಅಂಟಿಸುವ ಕೆಲಸವೇ ನಡೆದರೆ ಇನ್ನೊಂದು ಹತ್ತು ವರ್ಷ ಅದೇ ದೂರುಗಳನ್ನು ಕೇಳುತ್ತಿರಬೇಕಾಗುತ್ತದೆ.

ಮಾನದಂಡ ಕೇಳುವುದೇನು, ನಾವು ಬರೆದುಕೊಂಡಿದ್ದೇನು

ಬ್ರಿಟನ್ನಿನ ಬಿಎಸ್ 5750 ಆಧಾರದ ಮೇಲೆ 1987ರಲ್ಲಿ ಮೊದಲು ಬಂದ ಐಎಸ್‌ಒ 9001, 1994ರ ಹೊತ್ತಿಗೆ 20 ಅಂಶಗಳ ಪಟ್ಟಿಯಾಗಿತ್ತು. ‘ಮಾಡುವುದನ್ನು ಬರೆಯಿರಿ, ಬರೆದಂತೆ ಮಾಡಿ’ ಎಂಬ ಮಾತು ಆ ಕಾಲದ್ದು, ಇಂದಿಗೂ ನಮ್ಮ ತರಬೇತಿಗಳಲ್ಲಿ ಅದೇ ಮಂತ್ರ. ಆದರೆ ಮಾನದಂಡ ಅಲ್ಲಿಂದ ಬಹಳ ಮುಂದೆ ಬಂದಿದೆ. 2000ದಲ್ಲಿ ಪಟ್ಟಿ ಹೋಗಿ ಪ್ರಕ್ರಿಯೆಯ ದೃಷ್ಟಿ ಬಂತು. 2008ರ ಆವೃತ್ತಿಯಲ್ಲಿ ಲಿಖಿತ ಕಾರ್ಯವಿಧಾನ ಕಡ್ಡಾಯವಾಗಿದ್ದದ್ದು ಆರಕ್ಕೆ ಮಾತ್ರ: ದಾಖಲೆಗಳ ನಿಯಂತ್ರಣ, ರೆಕಾರ್ಡುಗಳ ನಿಯಂತ್ರಣ, ಆಂತರಿಕ ಆಡಿಟ್, ದೋಷವಿರುವ ಮಾಲಿನ ನಿಯಂತ್ರಣ, ಸರಿಪಡಿಸುವ ಕ್ರಮ, ಮುನ್ನೆಚ್ಚರಿಕೆ ಕ್ರಮ. 2015ರಲ್ಲಿ ಆ ಆರೂ ಕಡ್ಡಾಯವಾಗಿ ಉಳಿಯಲಿಲ್ಲ. ಕ್ವಾಲಿಟಿ ಮ್ಯಾನ್ಯುಯಲ್ ಇರಲೇಬೇಕೆಂಬ ನಿಯಮ ಹೋಯಿತು. ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಪ್ರತ್ಯೇಕ ಹುದ್ದೆಯ ಕಡ್ಡಾಯವೂ ಹೋಯಿತು. ಎಷ್ಟು ದಾಖಲೆ ಬೇಕು ಎಂಬುದನ್ನು ಬಹುಪಾಲು ಸಂಸ್ಥೆಯ ವಿವೇಚನೆಗೇ ಬಿಡಲಾಗಿದೆ.

ಹಾಗಿದ್ದೂ ಮುಕ್ಕಾಲು ಪಾಲು ಕಪಾಟು ತುಂಬುವಷ್ಟು ಫೈಲುಗಳು ಹಾಗೇ ಉಳಿದಿವೆ. ಕನ್ಸಲ್ಟೆಂಟ್ ಕೊಟ್ಟ ಸಿದ್ಧ ನಮೂನೆಯಲ್ಲಿ ಕಂಪನಿಯ ಹೆಸರು ಬದಲಾಯಿಸಿ ಕೈಪಿಡಿ ಮಾಡಿಕೊಂಡವರು ಅದರೊಳಗಿನ ಯಾವ ಸಾಲು ತಮಗೆ ಬೇಕು, ಯಾವುದು ಬೇಡ ಎಂದು ನೋಡಿರುವುದಿಲ್ಲ. ಒಂದು ಆಡಿಟ್‌ನಲ್ಲಿ ಎನ್‌ಸಿ ಬಂದರೆ ಅದನ್ನು ಮುಚ್ಚಲು ಹೊಸದೊಂದು ಫಾರ್ಮ್ ಸೇರುತ್ತದೆ. ಸೇರಿದ್ದು ಮತ್ತೆ ಹೋಗುವುದಿಲ್ಲ. ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಂದು ಕಣ್ಗಾವಲು ಆಡಿಟ್. ಇದರ ಜೊತೆಗೆ ಗ್ರಾಹಕ ಕಂಪನಿಗಳ ಆಡಿಟ್ ಬೇರೆ. ಹೀಗೆ ಹತ್ತು ವರ್ಷ ಕಳೆದರೆ ಕಾಗದ ಎಷ್ಟಾಗುತ್ತದೆ ಎಂದು ಊಹಿಸಬಹುದು.

ಆಡಿಟರ್ ಪರೀಕ್ಷಿಸುವುದು ಮಾನದಂಡವನ್ನು ಮಾತ್ರವಲ್ಲ, ಸಂಸ್ಥೆ ತಾನೇ ಬರೆದುಕೊಂಡ ಮಾತನ್ನೂ ಪರೀಕ್ಷಿಸುತ್ತಾರೆ. ಕೆಲಸದ ಸೂಚನೆಯಲ್ಲಿ ‘ಬೋಲ್ಟನ್ನು 25 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿಯಬೇಕು’ ಎಂದಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಬಿಗಿ ಕಡಿಮೆಯಾದರೆ ಜೋಡಣೆ ಸಡಿಲವಾಗುತ್ತದೆ. ಅದೇ ಸೂಚನೆಯಲ್ಲಿ ‘ಮೊದಲು ಎಡಬದಿಯ ಟ್ರೇಯಿಂದ ಬೋಲ್ಟ್ ತೆಗೆದುಕೊಳ್ಳಬೇಕು’ ಎಂದೂ ಬರೆದಿದ್ದರೆ, ಬಲಬದಿಯಿಂದ ತೆಗೆದುಕೊಂಡ ದಿನ ಅದೂ ಉಲ್ಲಂಘನೆ. ಮೊದಲನೆಯದು ಫಲಿತಾಂಶವನ್ನು ಕಾಯುವ ಸಾಲು. ಎರಡನೆಯದು ಬರೆದವರು ಕಂಡ ಒಂದು ದಿನದ ಅಭ್ಯಾಸ. ಎರಡಕ್ಕೂ ಒಂದೇ ತೂಕ ಬಂದಾಗ ಆಪರೇಟರ್ ಕಲಿಯುವ ಪಾಠ ಒಂದೇ: ಇದ್ದ ಹಾಗೆ ಇರುವುದು ಕ್ಷೇಮ.

ಸಣ್ಣ ಘಟಕಗಳಲ್ಲಿ ಇನ್ನೊಂದು ವಾಡಿಕೆಯಿದೆ, ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಗ್ರಾಹಕರ ಡ್ರಾಯಿಂಗ್ ಪ್ರಕಾರ ಮಾಲು ಮಾಡುವವರು ‘ವಿನ್ಯಾಸ ಮತ್ತು ಅಭಿವೃದ್ಧಿ ನಮಗೆ ಅನ್ವಯಿಸದು’ ಎಂದು ಬರೆದುಕೊಳ್ಳುತ್ತಾರೆ. ಮಾನದಂಡ ಅದಕ್ಕೆ ಅವಕಾಶ ಕೊಟ್ಟಿದೆ, ಆಡಿಟ್‌ನ ಹೊರೆಯೂ ತಗ್ಗುತ್ತದೆ. ಆದರೆ ಫಿಕ್ಸ್ಚರ್ (ಪೀಸನ್ನು ಹಿಡಿದಿಡುವ ಸಾಧನ) ಮಾಡುವುದು, ಗೇಜ್ (ಅಳತೆಯ ಸಾಧನ) ಮಾಡುವುದು, ಹೊಸ ಟೂಲ್ ಪ್ರಯೋಗಿಸುವುದು ಇವೂ ವಿನ್ಯಾಸವೇ. ಆ ಒಂದು ಸಾಲಿನಿಂದ ಇವಕ್ಕೆಲ್ಲ ವ್ಯವಸ್ಥೆಯಲ್ಲಿ ಜಾಗವಿಲ್ಲದಂತಾಗುತ್ತದೆ. ಸಮಯ ಕೇಳಲು, ಖರ್ಚು ಬರೆಯಲು, ಸೋತ ಪ್ರಯೋಗವನ್ನು ದಾಖಲಿಸಲು ಒಂದು ಹಾಳೆಯೂ ಇರುವುದಿಲ್ಲ.

ಒಂದು ಬರ್ ತೆಗೆಯುವ ಉಪಾಯ

ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಕಾರ್ಯಾಗಾರ) ಒಂದರ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಉಕ್ಕಿನ ಒಂದು ಬಿಡಿಭಾಗ. ನಡುವೆ ಮುಖ್ಯ ಬೋರ್ (ದೊಡ್ಡ ರಂಧ್ರ), ಅದಕ್ಕೆ ಅಡ್ಡಲಾಗಿ ಹಾದುಹೋಗುವ ಸಣ್ಣ ತೂತು. ಡ್ರಿಲ್ ಬೋರ್‌ನೊಳಗೆ ಹೊರಬರುವ ಕಡೆ ಲೋಹದ ಚೂಪು ಅಂಚು ಉಳಿಯುತ್ತದೆ, ಅದೇ ಬರ್. ಮುಂದಿನ ಟೇಬಲ್ಲಿನಲ್ಲಿ ಒಬ್ಬರು ಕೂತು ಪ್ರತಿ ಪೀಸಿನ ಬರ್ ಅನ್ನು ಕೈಯಿಂದ ತೆಗೆಯುತ್ತಾರೆ. ಆಪರೇಟರ್‌ಗೆ ಒಂದು ಉಪಾಯ ಹೊಳೆಯುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ಒಳಬದಿಯಿಂದ ಅಂಚು ಕೆರೆಯುವ ಟೂಲ್ ಒಂದನ್ನು ಸೇರಿಸಿದರೆ ಸೈಕಲ್ ಟೈಮ್ ಕೆಲವು ಸೆಕೆಂಡ್ ಹೆಚ್ಚುತ್ತದೆ, ಆದರೆ ಕೈಯಿಂದ ಬರ್ ತೆಗೆಯುವ ಇಡೀ ಕೆಲಸವೇ ತಪ್ಪುತ್ತದೆ.

ಈಗ ಇದು ಹಿಡಿಯಬೇಕಾದ ದಾರಿ ನೋಡಿ. ಬದಲಾವಣೆ ಕೋರಿಕೆಯ ಫಾರ್ಮ್ ತುಂಬಬೇಕು. ಪ್ರಕ್ರಿಯೆಯ ಎಫ್‌ಎಂಇಎ (ಎಲ್ಲಿ ಏನು ತಪ್ಪಬಹುದು, ಪರಿಣಾಮವೇನು ಎಂಬ ಪಟ್ಟಿ) ತೆರೆದು ಹೊಸ ಅಪಾಯಗಳನ್ನು ಸೇರಿಸಬೇಕು: ಟೂಲ್ ಮುರಿದು ಬರ್ ಹಾಗೇ ಉಳಿದರೆ, ಅಂಚು ಅಗತ್ಯಕ್ಕಿಂತ ಹೆಚ್ಚು ಕೆರೆದರೆ, ಬೋರ್‌ಗೆ ಗೀರು ಬಿದ್ದರೆ. ಯಾವ ಹಂತದಲ್ಲಿ ಏನು ತಪಾಸಣೆ ಎಂದು ಹೇಳುವ ಕಂಟ್ರೋಲ್ ಪ್ಲಾನ್‌ನಲ್ಲಿ ಒಂದು ಕಾರ್ಯ ತೆಗೆದು ಹೊಸ ತಪಾಸಣೆ ಸೇರಿಸಬೇಕು. ಸೆಟಪ್ ಶೀಟ್, ಕೆಲಸದ ಸೂಚನೆ, ಪ್ರೋಗ್ರಾಂ ನಂಬರ್ ಎಲ್ಲವೂ ಪರಿಷ್ಕರಣೆಯಾಗಬೇಕು. ನಂತರ ಗ್ರಾಹಕ ಕಂಪನಿಗೆ ತಿಳಿಸಿ ಪಿಪಿಎಪಿ, ಅಂದರೆ ಬಿಡಿಭಾಗದ ಉತ್ಪಾದನೆಗೆ ಒಪ್ಪಿಗೆ ಕೋರುವ ದಾಖಲೆಗಳ ಕಟ್ಟು, ಮತ್ತೆ ಸಲ್ಲಿಸಬೇಕು. ಪಿಪಿಎಪಿಯಲ್ಲಿ 18 ಅಂಶಗಳಿವೆ. ಗ್ರಾಹಕರು ಬೇರೆ ಸಂಖ್ಯೆ ಹೇಳದಿದ್ದರೆ ಒಂದರಿಂದ ಎಂಟು ಗಂಟೆಯ ಉತ್ಪಾದನೆಯಲ್ಲಿ ಸತತವಾಗಿ ಕನಿಷ್ಠ 300 ಪೀಸ್ ತೆಗೆಯಬೇಕು. ಮುಖ್ಯ ಅಳತೆಗಳಲ್ಲಿ ಪಿಪಿಕೆ (ಅಳತೆ ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರುತ್ತದೆಂದು ಹೇಳುವ ಸೂಚ್ಯಂಕ) 1.67ಕ್ಕಿಂತ ಹೆಚ್ಚು ಬಂದರೆ ನಿಶ್ಚಿಂತೆ, 1.33ಕ್ಕಿಂತ ಕೆಳಗಿದ್ದರೆ ಒಪ್ಪಿಗೆ ಸಿಗುವುದಿಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಬಿಡಿಭಾಗ ಬಿರುಕು ಬಿಡುವುದು ಸಾಮಾನ್ಯವಾಗಿ ಇಂಥ ಅಂಚಿನಿಂದಲೇ. ಎಣ್ಣೆ ಹರಿಯುವ ದಾರಿಯಲ್ಲಿ ಬರ್ ಕಳಚಿಕೊಂಡರೆ ಮುಂದೆಲ್ಲೋ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಬ್ರೇಕ್, ಆಕ್ಸಲ್, ಸ್ಟಿಯರಿಂಗ್ ಭಾಗಗಳಲ್ಲಿ ಯಾರೋ ಒಬ್ಬರು ಒಳ್ಳೆಯ ಉದ್ದೇಶದಿಂದ ಮಾಡಿದ ಬದಲಾವಣೆ ಸಾವಿರಾರು ವಾಹನಗಳಲ್ಲಿ ಕೂತಿರುತ್ತದೆ. ನಂಜನಗೂಡಿನ ಔಷಧ ಘಟಕಗಳಲ್ಲೂ ಇದೇ ನ್ಯಾಯ. ಅನುಮೋದನೆಯಾದ ವಿಧಾನದಲ್ಲಿ ದ್ರಾವಕದ ಮೂಲ ಬದಲಾದರೂ ಕಲ್ಮಶದ ಸ್ವರೂಪ ಬದಲಾಗಬಹುದು. ಇಂಥ ಕಡೆ ಉದ್ದದ ದಾರಿ ಬೇಕೇ ಬೇಕು. ಅದನ್ನು ಕಡಿದುಹಾಕಿ ಎಂದು ಹೇಳುವವರ ಜೊತೆ ನಾವಿಲ್ಲ.

ತೊಂದರೆ ಬರುವುದು ಪೀಸಿಗೆ ಯಾವ ಸಂಬಂಧವೂ ಇಲ್ಲದ ಬದಲಾವಣೆಗೂ ಅದೇ ಫಾರ್ಮ್, ಅದೇ ಐದು ಸಹಿ ಇದ್ದಾಗ. ಬಿನ್ ಇಡುವ ಜಾಗ ಬದಲಾಯಿಸಲು, ಗೇಜ್‌ಗೆ ಒಂದು ಸ್ಟ್ಯಾಂಡ್ ಮಾಡಲು, ಚೆಕ್‌ಶೀಟ್‌ನ ಕಾಲಂಗಳ ಕ್ರಮ ಬದಲಿಸಲು ಕೂಡ ಅದೇ ದಾರಿ. ಎಫ್‌ಎಂಇಎ ತಿದ್ದುವ ಎಂಜಿನಿಯರ್ ಒಬ್ಬರೇ, ಗ್ರಾಹಕರ ದೂರಿಗೆ ಉತ್ತರ ಕೊಡುವವರೂ ಅವರೇ, ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್‌ಗೆ ಓಡಾಡುವವರೂ ಅವರೇ. ಗ್ರಾಹಕ ಕಂಪನಿಯ ಗುಣಮಟ್ಟ ಎಂಜಿನಿಯರ್‌ಗೂ ಪ್ರತಿ ಪಿಪಿಎಪಿ ಹೆಚ್ಚುವರಿ ಕೆಲಸವೇ, ಆದ್ದರಿಂದ ಅವರೂ ಉತ್ತೇಜನ ಕೊಡುವುದಿಲ್ಲ. ‘ಆಡಿಟ್ ಮುಗಿಯಲಿ, ಆಮೇಲೆ ನೋಡೋಣ’ ಎಂಬಲ್ಲಿಗೆ ಕಾಗದ ನಿಲ್ಲುತ್ತದೆ.

ಆಮೇಲೆ ಆಗುವುದು ಎರಡರಲ್ಲೊಂದು. ಆಪರೇಟರ್ ಸುಮ್ಮನಾಗುತ್ತಾರೆ, ಅಥವಾ ಗುಟ್ಟಾಗಿ ಮಾಡುತ್ತಾರೆ. ಈ ಎರಡನೆಯದು ಹೆಚ್ಚು ಅಪಾಯದ್ದು. ಮೂರನೇ ಶಿಫ್ಟಿನಲ್ಲಿ ಯಾರೂ ಇಲ್ಲದಾಗ ಫೀಡ್ (ಟೂಲ್ ಮುಂದೆ ಸಾಗುವ ವೇಗ) ತುಸು ತಗ್ಗಿಸುವುದು, ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಾಯಿಸಿದ ಮೇಲಿನ ಮೊದಲ ಕೆಲವು ಪೀಸಿಗೆ ಬೇರೆ ಆಫ್‌ಸೆಟ್ (ಟೂಲಿನ ಸ್ಥಾನದ ತಿದ್ದುಪಡಿ) ಕೊಡುವುದು, ಆ ಅಂಕಿಗಳನ್ನು ಟೂಲ್ ಬಾಕ್ಸಿನ ಮುಚ್ಚಳದೊಳಗೆ ಚೀಟಿಯಲ್ಲಿ ಬರೆದಿಡುವುದು. ಅನುಭವಿ ಆಪರೇಟರುಗಳಿರುವ ಶಾಪ್‌ಗಳಲ್ಲಿ ಇಂಥ ಚೀಟಿಗಳು ಅಪರೂಪವಲ್ಲ. ಗೋಡೆಗೆ ಅಂಟಿಸಿದ ಕೆಲಸದ ಸೂಚನೆಗಿಂತ ಆ ಚೀಟಿಯೇ ನಿಜವಾದ ಪ್ರಕ್ರಿಯೆ. ಆ ವ್ಯಕ್ತಿ ಬೇರೆ ಕಂಪನಿ ಸೇರಿದ ವಾರದಲ್ಲಿ ರಿಜೆಕ್ಷನ್ ಏರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಸಂಸ್ಥೆಯ ಜ್ಞಾನವನ್ನು ಗುರುತಿಸಿ ಉಳಿಸಿಕೊಳ್ಳಿ ಎಂದು 2015ರ ಆವೃತ್ತಿಯ 7.1.6ನೇ ಕಲಮು ಹೇಳುವುದು ಇದನ್ನೇ. ಅದಕ್ಕೆ ಉತ್ತರವಾಗಿ ತೋರಿಸುವುದು ಮಾತ್ರ ಸಾಮಾನ್ಯವಾಗಿ ತರಬೇತಿ ಹಾಜರಿ ಪುಸ್ತಕ.

ಸಣ್ಣ ಹೊಸತು, ದೊಡ್ಡ ಹೊಸತು

ಮಾನದಂಡದಿಂದ ಸೃಜನಶೀಲತೆ ಬೆಳೆಯುತ್ತದೋ ಸಾಯುತ್ತದೋ ಎಂದು ಕೇಳುವವರು ಸಾಮಾನ್ಯವಾಗಿ ಎರಡು ಬೇರೆ ಸಂಗತಿಗಳನ್ನು ಬೆರೆಸಿರುತ್ತಾರೆ. ಇರುವ ಮಾಲನ್ನು ಇನ್ನೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಮಾಡುವ ಜಾಣ್ಮೆ ಒಂದು. ಇಲ್ಲದ ಮಾಲನ್ನು ಹುಡುಕುವುದು ಇನ್ನೊಂದು. ಸಂಸ್ಥೆಗಳಲ್ಲಿ ಈ ಎರಡರ ನಡುವಿನ ಎಳೆದಾಟವನ್ನು 1991ರಲ್ಲಿ ಸಂಸ್ಥೆಗಳ ಅಧ್ಯಯನಕಾರ ಜೇಮ್ಸ್ ಮಾರ್ಚ್ ವಿವರಿಸಿದ್ದರು. ನಿರ್ವಹಣಾ ಶಾಸ್ತ್ರದ ಸಂಶೋಧಕರಾದ ಮೇರಿ ಬೆನ್ನರ್ ಮತ್ತು ಮೈಕೆಲ್ ಟಶ್ಮನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿಯಾದ ಆಧಾರ ಕೊಟ್ಟಿತು. ಛಾಯಾಗ್ರಹಣ ಮತ್ತು ಬಣ್ಣದ ಉದ್ಯಮಗಳ ಇಪ್ಪತ್ತು ವರ್ಷಗಳ ಪೇಟೆಂಟುಗಳನ್ನು ಅವರು ಪರಿಶೀಲಿಸಿದರು. ಕಂಪನಿಗಳಲ್ಲಿ ಐಎಸ್‌ಒ 9000 (9001 ಸೇರಿರುವ ಮಾನದಂಡಗಳ ಗುಂಪು) ಚಟುವಟಿಕೆ ಹೆಚ್ಚಿದಂತೆ, ತಮಗೆ ಈಗಾಗಲೇ ಗೊತ್ತಿದ್ದ ತಂತ್ರಜ್ಞಾನದ ಮೇಲೆ ಕಟ್ಟಿದ ಪೇಟೆಂಟುಗಳ ಪಾಲು ಏರಿತು, ಹೊಸ ದಿಕ್ಕಿನವುಗಳ ಪಾಲು ಕುಗ್ಗಿತು. ಆ ಉದ್ಯಮಗಳಲ್ಲಿ ಒಂದಾದ ಫಿಲ್ಮ್ ಛಾಯಾಗ್ರಹಣ ಡಿಜಿಟಲ್ ಬಂದ ಮೇಲೆ ಏನಾಯಿತು ಎಂಬುದು ಎಲ್ಲರೂ ಕಂಡದ್ದೇ.

ಹೀಗಾಗುವುದಕ್ಕೆ ಕಾರಣ ಅಳತೆಯ ವೇಗ. ರಿಜೆಕ್ಷನ್ ಶೇಕಡಾ ಅರ್ಧ ಇಳಿದರೆ ಅದೇ ತಿಂಗಳ ವರದಿಯಲ್ಲಿ ಕಾಣುತ್ತದೆ. ಹೊಸ ಉತ್ಪನ್ನದ ಪ್ರಯೋಗ ಮೂರು ವರ್ಷ ಬರೀ ಖರ್ಚಾಗಿಯೇ ಕಾಣುತ್ತದೆ. ಪ್ರತಿ ತಿಂಗಳ ಪರಿಶೀಲನಾ ಸಭೆಯಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಎರಡನೆಯದು ಪ್ರತಿ ಸಲವೂ ಸೋಲುತ್ತದೆ. ಅಮೆರಿಕದ 3ಎಂ ಕಂಪನಿಯಲ್ಲಿ ಆದದ್ದು ಇದೇ. 2001ರಲ್ಲಿ ಮುಖ್ಯಸ್ಥರಾದ ಜೇಮ್ಸ್ ಮೆಕ್‌ನರ್ನಿ ದೋಷ ತಗ್ಗಿಸುವ ಸಿಕ್ಸ್ ಸಿಗ್ಮಾ ಪದ್ಧತಿಯನ್ನು ಸಂಶೋಧನಾ ಪ್ರಯೋಗಾಲಯಗಳಿಗೂ ತಂದರು. ಕಾರ್ಖಾನೆಗಳಲ್ಲಿ ಲಾಭ ಕಂಡಿತು. ಆದರೆ ಇತ್ತೀಚಿನ ಐದು ವರ್ಷಗಳಲ್ಲಿ ಬಂದ ಉತ್ಪನ್ನಗಳಿಂದ ಸಿಗುವ ಮಾರಾಟ ಮೂರನೇ ಒಂದು ಭಾಗದಿಂದ ನಾಲ್ಕನೇ ಒಂದಕ್ಕೆ ಇಳಿಯಿತೆಂದು 2007ರಲ್ಲಿ ವರದಿಯಾಯಿತು. ಅವರ ನಂತರ ಬಂದ ಜಾರ್ಜ್ ಬಕ್ಲಿ ಪ್ರಯೋಗಾಲಯಗಳಲ್ಲಿ ಆ ಬಿಗಿಯನ್ನು ಸಡಿಲಿಸಿದರು. ಇದೇ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ, ಸರಿಯಾಗಿ ಅಂಟದ ಅಂಟು ಪೋಸ್ಟ್-ಇಟ್ ಚೀಟಿಯಾಗಿ ದೇಶವ್ಯಾಪಿ ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ಮೂರು ತಿಂಗಳಿಗೊಮ್ಮೆ ಗೇಟ್ ರಿವ್ಯೂ (ಮುಂದುವರಿಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸುವ ಸಭೆ) ಇಟ್ಟಿದ್ದರೆ ಆ ಅಂಟು ಮೊದಲ ವರ್ಷವೇ ದೋಷದ ಪಟ್ಟಿಗೆ ಸೇರುತ್ತಿತ್ತು.

ಸಣ್ಣ ಹೊಸತಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಮಾನದಂಡವಿಲ್ಲದೆ ಸುಧಾರಣೆಯೇ ಸಾಧ್ಯವಿಲ್ಲ. ಮೂರು ಶಿಫ್ಟಿನವರು ಮೂರು ರೀತಿ ಮಾಡುತ್ತಿದ್ದರೆ ಹೊಸ ವಿಧಾನ ಉತ್ತಮವೋ ಅಲ್ಲವೋ ಎಂದು ಯಾವುದಕ್ಕೆ ಹೋಲಿಸಿ ಹೇಳುವುದು? ಟೊಯೋಟಾದಲ್ಲಿ ನೌಕರರ ಸಲಹೆ ಪದ್ಧತಿ ಶುರುವಾದದ್ದು 1951ರಲ್ಲಿ, ಅದು ಇಷ್ಟು ಕಾಲ ಉಳಿಯಲು ಪ್ರತಿ ಕೆಲಸಕ್ಕೂ ಒಂದು ನಿಗದಿತ ರೀತಿ ಇದ್ದದ್ದು ಮುಖ್ಯ ಕಾರಣ. ಮೈಸೂರು ಬಳಿಯೂ ಕಾರ್ಖಾನೆ ಇರುವ ಟಿವಿಎಸ್ ಮೋಟಾರ್ ಕಂಪನಿ 2002ರಲ್ಲಿ ಗುಣಮಟ್ಟ ನಿರ್ವಹಣೆಗೆ ಕೊಡುವ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿಯ ಪರಿಶೀಲನೆಯಲ್ಲಿ ಕೈಪಿಡಿಗಿಂತ, ಎಲ್ಲ ಹಂತದ ನೌಕರರೂ ಸುಧಾರಣೆಯಲ್ಲಿ ಹೇಗೆ ತೊಡಗಿದ್ದಾರೆ ಎಂಬುದಕ್ಕೆ ಹೆಚ್ಚು ತೂಕ.

ಒಂದೇ ನಿಯಮ ಒಂದು ಕಡೆ ಹಗ್ಗವಾಗಿ, ಇನ್ನೊಂದು ಕಡೆ ಆಸರೆಯಾಗಿ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆಗಿಂತ ಸ್ಪಷ್ಟ ಉದಾಹರಣೆ ನಮಗೆ ಗೊತ್ತಿಲ್ಲ. ಗೈರುಹಾಜರಿ, ಜಗಳ, ಕಳಪೆ ಮಾಲಿನಿಂದ ಬೇಸತ್ತು ಜನರಲ್ ಮೋಟಾರ್ಸ್ ಅದನ್ನು 1982ರಲ್ಲಿ ಮುಚ್ಚಿತು. ಟೊಯೋಟಾ ಜೊತೆಗೂಡಿ 1984ರಲ್ಲಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರೇ, ಅದೇ ಕಾರ್ಮಿಕ ಸಂಘವೇ. ಕೆಲಸದ ವಿಧಾನಗಳು ಹಿಂದಿಗಿಂತಲೂ ಹೆಚ್ಚು ಕರಾರುವಾಕ್ಕಾದವು. ಆದರೆ ಸ್ಟಾಪ್‌ವಾಚ್ ಹಿಡಿದು ಸಮಯ ಅಳೆದು ವಿಧಾನ ಬರೆದವರು ಆ ಕೆಲಸ ಮಾಡುವ ತಂಡದವರೇ. ಮೊದಲು ಅದನ್ನು ಬರೆಯುತ್ತಿದ್ದವರು ಮೇಲಿನ ಕಚೇರಿಯ ಎಂಜಿನಿಯರುಗಳು. ಗುಣಮಟ್ಟವೂ ಉತ್ಪಾದಕತೆಯೂ ಏರಿದವು, ಗೈರುಹಾಜರಿ ತೀರಾ ಇಳಿಯಿತು. ಅಲ್ಲಿ ಅಧ್ಯಯನ ಮಾಡಿದ ಪಾಲ್ ಆಡ್ಲರ್, ಬ್ರಯಾನ್ ಬೋರಿಸ್ ಜೊತೆ 1996ರಲ್ಲಿ ಬರೆದ ಲೇಖನದಲ್ಲಿ ನೆರವಾಗುವ ನಿಯಮ ಮತ್ತು ಒತ್ತಾಯದ ನಿಯಮ ಎಂದು ಬೇರ್ಪಡಿಸಿದರು. ನಿಯಮ ಕೈಕೊಟ್ಟಾಗ ಕೆಲಸಗಾರರೇ ಅದನ್ನು ಸರಿಪಡಿಸಬಹುದೇ? ಅದರ ಹಿಂದಿನ ಕಾರಣ ಅವರಿಗೆ ಕಾಣುತ್ತದೆಯೇ? ತಮ್ಮ ಕೆಲಸ ಇಡೀ ವ್ಯವಸ್ಥೆಯಲ್ಲಿ ಎಲ್ಲಿ ಕೂರುತ್ತದೆಂದು ಗೊತ್ತೇ? ಅಗತ್ಯ ಬಿದ್ದರೆ ಕಾರಣ ಹೇಳಿ ಬಿಟ್ಟು ಮಾಡಬಹುದೇ? ಈ ನಾಲ್ಕು ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ನೆರವಾಗುವ ನಿಯಮ. ನಮ್ಮ ಘಟಕಗಳ ಕೆಲಸದ ಸೂಚನೆಗಳಲ್ಲಿ ‘ಏಕೆ’ ಎಂಬ ಕಾಲಂ ಇರುವುದು ವಿರಳ. ಅದೊಂದನ್ನು ಸೇರಿಸಿದರೂ ಅರ್ಧ ದಾರಿ ನಡೆದಂತೆ. ಕಾರಣ ಬರೆಯಲಾಗದ ಸಾಲುಗಳು ಆಗ ತಾವಾಗಿಯೇ ಉದುರುತ್ತವೆ.

ಆಲೆಮನೆಯಲ್ಲಿ ಅಳತೆ ತಪ್ಪಿದರೆ

ಮಂಡ್ಯದ ಬೆಲ್ಲವನ್ನು ಈ ಚರ್ಚೆಗೆ ತರುವುದು ವಿಚಿತ್ರ ಎನಿಸಬಹುದು, ಆಲೆಮನೆಗಳಲ್ಲಿ ಐಎಸ್‌ಒ ಫೈಲುಗಳಿಲ್ಲ. ಆದರೆ ತಪ್ಪು ಮಾನದಂಡ ಜಾಣ್ಮೆಯನ್ನು ಎತ್ತ ತಿರುಗಿಸುತ್ತದೆ ಎಂಬುದು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಗಾಣದಿಂದ ಬಂದ ಕಬ್ಬಿನ ಹಾಲನ್ನು ಸೋಸಿ ಕೊಪ್ಪರಿಗೆಗೆ ಹಾಕಿ ಕಾಯಿಸುತ್ತಾರೆ. ಹಾಲು ಸಹಜವಾಗಿ ತುಸು ಹುಳಿಯ ಕಡೆ, ಪಿಎಚ್ 5.2ರಿಂದ 5.4ರ ಆಸುಪಾಸು. ಸುಣ್ಣದ ತಿಳಿ ಸೇರಿಸಿ 6ರ ಮೇಲಕ್ಕೆ ತಂದರೆ ಕಶ್ಮಲ ಒಡೆದು ಮೇಲೆ ತೇಲುತ್ತದೆ. ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ತೆಗೆದ ಲೋಳೆ ಹಾಕಿದರೆ ಅದು ಒಟ್ಟುಗೂಡಿ ಜಾಲರಿಗೆ ಸುಲಭವಾಗಿ ಸಿಗುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗದೆ ಬೆವರುತ್ತದೆ. ಪಾಕ 118 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅಚ್ಚಿಗೆ ಹೊಯ್ಯಲು ಸಿದ್ಧ. 105–106ಕ್ಕೇ ಇಳಿಸಿದರೆ ಜೋನಿ ಬೆಲ್ಲ. ಪಾಕ ನೋಡುವವರು ಥರ್ಮಾಮೀಟರ್ ಹಿಡಿಯುವುದಿಲ್ಲ. ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹೇಳುತ್ತಾರೆ.

ಮಾರುಕಟ್ಟೆಯಲ್ಲಿ ಈ ಬೆಲ್ಲಕ್ಕೆ ಬೆಲೆ ಕಟ್ಟುವುದು ಮುಖ್ಯವಾಗಿ ಬಣ್ಣ ನೋಡಿ. ಹೊಂಬಣ್ಣಕ್ಕೆ ಹೆಚ್ಚು, ಕಂದು ಬಣ್ಣಕ್ಕೆ ಕಡಿಮೆ. ಅಲ್ಲಿಗೆ ಬಣ್ಣವೇ ಮಾನದಂಡವಾಯಿತು. ಬಣ್ಣ ತಿಳಿಯಾಗಿಸಲು ಅತ್ಯಂತ ಸುಲಭದ ದಾರಿ ಹೈಡ್ರೋಸ್, ಅಂದರೆ ಬಟ್ಟೆ ಉದ್ಯಮದಲ್ಲಿ ಬಳಸುವ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬೆಲ್ಲದಲ್ಲಿ ಗಂಧಕದ ಅಂಶ ಬಿಡುತ್ತದೆ, ಕೆಲವು ತಿಂಗಳಲ್ಲಿ ಬಣ್ಣವೂ ಮಂಕಾಗುತ್ತದೆ. ಬೆಂಡೆ ಲೋಳೆ ಹಾಕಿ, ಹೊಂದುವ ಕಬ್ಬಿನ ತಳಿ ಆರಿಸಿ, ಕೊಯ್ದ ದಿನವೇ ಅರೆದು ಒಳ್ಳೆಯ ಬೆಲ್ಲ ತೆಗೆಯುವ ಕೌಶಲಕ್ಕೆ ಆ ತಕ್ಕಡಿಯಲ್ಲಿ ಬೆಲೆಯಿಲ್ಲ. ರೈತರನ್ನೋ ಆಲೆಮನೆಯವರನ್ನೋ ದೂರಿ ಫಲವಿಲ್ಲ, ಜನರ ಜಾಣ್ಮೆ ಅಳತೆ ಕರೆದ ಕಡೆಗೇ ಹರಿಯುತ್ತದೆ.

ಅಳತೆ ಬದಲಾದ ಕಡೆ ಚಿತ್ರವೇ ಬೇರೆ. ರಾಸಾಯನಿಕವಿಲ್ಲದ ಬೆಲ್ಲ ಎಂದು ಖಾತರಿ ಕೊಟ್ಟು ಮಾರುವವರು ಬಿಗಿ ಹಿಡಿಯುವುದು ಮೂರು ನಾಲ್ಕು ಬಿಂದುಗಳನ್ನು ಮಾತ್ರ: ಹಾಲಿನ ಪಿಎಚ್, ಇಳಿಸುವ ಉಷ್ಣತೆ, ತೇವಾಂಶ, ಹೈಡ್ರೋಸ್ ಇಲ್ಲದಿರುವುದು. ಉಳಿದದ್ದೆಲ್ಲ ಬಯಲು. ಶುಂಠಿ ಹಾಕಿದ ಬೆಲ್ಲ, ಏಲಕ್ಕಿಯದು, ಕಾಫಿಗೆ ಹಾಕುವ ಸಣ್ಣ ಘನಗಳು, ಪುಡಿ ಬೆಲ್ಲ, ಬಾಟಲಿಯ ಜೋನಿ ಬೆಲ್ಲ ಎಲ್ಲವೂ ಅಲ್ಲಿಂದ ಬಂದವು. ಆಹಾರ ಸುರಕ್ಷತೆಯ ಹಾಸಪ್ ಪದ್ಧತಿಯ ತಿರುಳೂ ಇದೇ. 1960ರ ದಶಕದಲ್ಲಿ ಗಗನಯಾತ್ರಿಗಳ ಆಹಾರಕ್ಕಾಗಿ ಪಿಲ್ಸ್‌ಬರಿ ಕಂಪನಿ ಮತ್ತು ನಾಸಾ ರೂಪಿಸಿದ ಈ ಪದ್ಧತಿಯಲ್ಲಿ ಎಲ್ಲ ಹಂತಗಳನ್ನೂ ಪರಿಶೀಲಿಸಿ, ತಪ್ಪಿದರೆ ಅಪಾಯವಾಗುವ ಕೆಲವೇ ನಿರ್ಣಾಯಕ ಬಿಂದುಗಳಲ್ಲಿ ಕಟ್ಟುನಿಟ್ಟು ಇಡಲಾಗುತ್ತದೆ. ವಾಹನ ಉದ್ಯಮದ ‘ವಿಶೇಷ ಗುಣಲಕ್ಷಣ’ಗಳ (ತಪ್ಪಿದರೆ ಸುರಕ್ಷತೆಗೋ ಜೋಡಣೆಗೋ ಧಕ್ಕೆಯಾಗುವ ಅಳತೆಗಳ) ಪಟ್ಟಿಯೂ ಅದೇ ಉದ್ದೇಶದ್ದು. ಎಷ್ಟೋ ಕಂಟ್ರೋಲ್ ಪ್ಲಾನ್‌ಗಳಲ್ಲಿ ಮಾತ್ರ ಎಲ್ಲ ಅಳತೆಗೂ ‘ವಿಶೇಷ’ ಎಂಬ ನಕ್ಷತ್ರ ಗುರುತು ಹಾಕಿಟ್ಟು ಆ ಉದ್ದೇಶವನ್ನೇ ಅಳಿಸಲಾಗಿದೆ.

ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಎರಡು ಮಾತು ಸಾಕು. ಸಿಎಂಎಂ (ಸಾಫ್ಟ್‌ವೇರ್ ತಯಾರಿಕೆಯ ಪ್ರಕ್ರಿಯೆ ಎಷ್ಟು ಪಕ್ವವಾಗಿದೆ ಎಂದು ಅಳೆಯುವ ಮಾದರಿ) ಐದನೇ, ಅಂದರೆ ಅತ್ಯುನ್ನತ ಹಂತ ತಲುಪಿದ ಸಂಸ್ಥೆಗಳು ಭಾರತದಲ್ಲಿ 1990ರ ದಶಕದ ಕೊನೆಯಿಂದಲೇ ಇವೆ, ಆ ಹಂತದ ಹೆಸರೇ ‘ನಿರಂತರ ಉತ್ತಮಗೊಳಿಸುವಿಕೆ’ ಎಂಬರ್ಥದ್ದು. ಅಲ್ಲಿ ತೊಡಕಾಗುವುದು ಟೈಮ್‌ಶೀಟ್. ಎಂಜಿನಿಯರ್‌ನ ಎಂಟೂ ಗಂಟೆಯನ್ನು ಗ್ರಾಹಕರ ಪ್ರಾಜೆಕ್ಟ್ ಕೋಡಿಗೆ ಬರೆಯಬೇಕಾದಾಗ, ಇನ್ನೂ ಕೋಡ್ ಇಲ್ಲದ ಆಲೋಚನೆಗೆ ಖರ್ಚು ಮಾಡಿದ ಒಂದು ಗಂಟೆಯನ್ನು ಎಲ್ಲಿ ಬರೆಯಬೇಕು? ಹೊಸತನದ ನಿರ್ವಹಣೆಗೆಂದೇ 2024ರಲ್ಲಿ ಐಎಸ್‌ಒ 56001 ಎಂಬ ಪ್ರಮಾಣೀಕರಣ ಮಾನದಂಡ ಬಂದಿದೆ. ಸಮಯ, ಹಣ, ಸೋಲಿಗೆ ಅವಕಾಶ ಇವನ್ನು ಅಧಿಕೃತವಾಗಿ ಕೇಳಲು ಅದು ನೆರವಾಗಬಹುದು. ತಿಂಗಳಿಗೆ ತಲಾ ಎಷ್ಟು ಐಡಿಯಾ ಬಂತು ಎಂದು ಎಣಿಸುವ ಫಾರ್ಮ್ ಆಗಿಬಿಟ್ಟರೆ ಹೊಂಬಣ್ಣದ ಬೆಲ್ಲದ ಗತಿಯೇ.

ಕೈಪಿಡಿ ಮತ್ತೆ ಬರೆಯುವಾಗ

ಮೊದಲ ಕೆಲಸ ಬದಲಾವಣೆಗಳನ್ನು ಮೂರು ದರ್ಜೆಯಾಗಿ ವಿಂಗಡಿಸುವುದು. ಮಾಲಿಗೆ ಯಾವ ಪರಿಣಾಮವೂ ಇಲ್ಲದ್ದು, ಅಂದರೆ ಜಾಗ, ಸ್ಟ್ಯಾಂಡ್, ಲೇಬಲ್, ಕಾಲಂ ಇತ್ಯಾದಿ ಮೊದಲ ದರ್ಜೆ. ಇದಕ್ಕೆ ಶಿಫ್ಟ್ ಸೂಪರ್‌ವೈಸರ್ ಸಹಿ ಸಾಕು, ಅದೇ ಶಿಫ್ಟಿನಲ್ಲಿ ಉತ್ತರ ಸಿಗಬೇಕು. ಪ್ರಕ್ರಿಯೆ ಬದಲಾದರೂ ಡ್ರಾಯಿಂಗ್‌ನ ವಿಶೇಷ ಗುಣಲಕ್ಷಣ ಮುಟ್ಟದ್ದು ಎರಡನೆಯ ದರ್ಜೆ. ಇದಕ್ಕೆ ಒಂದು ಪುಟದ ಪ್ರಯೋಗ ಹಾಳೆ: ಏನು ಬದಲಿಸುತ್ತೇವೆ, ಎಷ್ಟು ಪೀಸ್, ಏನು ಅಳೆಯುತ್ತೇವೆ, ಯಾವ ಅಂಕಿ ಬಂದರೆ ನಿಲ್ಲಿಸುತ್ತೇವೆ. ವಿಶೇಷ ಗುಣಲಕ್ಷಣವನ್ನು ಮುಟ್ಟಿದರೆ ಅಥವಾ ಗ್ರಾಹಕರ ಜೊತೆಗಿನ ಒಪ್ಪಂದ ಹಾಗೆಂದಿದ್ದರೆ ಮೂರನೆಯ ದರ್ಜೆ, ಪೂರ್ತಿ ದಾರಿ. ದರ್ಜೆಯ ಬಗ್ಗೆ ಅನುಮಾನ ಬಂದರೆ ಮೇಲಿನದಕ್ಕೆ ಸೇರಿಸಬೇಕು. ಗ್ರಾಹಕ ಕಂಪನಿಯ ಕೈಪಿಡಿ ಯಾವ ಯಾವ ಬದಲಾವಣೆಗೆ ಪೂರ್ವಾನುಮತಿ ಕೇಳುತ್ತದೆ ಎಂಬುದನ್ನು ಮೊದಲೇ ಓದಿ ಪಟ್ಟಿ ಮಾಡಿಟ್ಟುಕೊಳ್ಳದಿದ್ದರೆ ಈ ವಿಂಗಡಣೆ ಅಪಾಯಕಾರಿ.

ಪ್ರಯೋಗಕ್ಕೆ ವ್ಯವಸ್ಥೆಯೊಳಗೇ ಒಂದು ಹೆಸರಿದೆ, ಡೀವಿಯೇಷನ್ ಪರ್ಮಿಟ್. ಮಾಲು ತಯಾರಾಗುವ ಮೊದಲೇ, ಇಷ್ಟು ಸಂಖ್ಯೆಗೆ ಅಥವಾ ಇಷ್ಟು ದಿನಕ್ಕೆ ಎಂದು ಮಿತಿ ಹಾಕಿ ಪಡೆಯುವ ಅನುಮತಿ ಅದು. ನಮ್ಮಲ್ಲಿ ಅದನ್ನು ಬಳಸುವುದು ಹೆಚ್ಚಾಗಿ ಕಚ್ಚಾಮಾಲು ಕೆಟ್ಟಾಗ, ಡಿಸ್ಪ್ಯಾಚ್ ತಪ್ಪಿಹೋಗುವ ಭಯವಿದ್ದಾಗ. ಅದೇ ಪರ್ಮಿಟ್ ಸುಧಾರಣೆಯ ಪ್ರಯೋಗಕ್ಕೂ ಸಲ್ಲುತ್ತದೆ. ಪ್ರಯೋಗದ ಪೀಸುಗಳಿಗೆ ಬೇರೆ ಬಣ್ಣದ ಟ್ಯಾಗ್, ಬೇರೆ ಬಿನ್, ನೂರಕ್ಕೆ ನೂರು ತಪಾಸಣೆ ಇರಲಿ. ಆಡಿಟರ್ ಬಂದಾಗ ಇದನ್ನು ಮುಚ್ಚಿಡದೆ ಮೊದಲೇ ತೋರಿಸಿ. ನಿಯಂತ್ರಣದಲ್ಲಿಟ್ಟು ಮಾಡಿದ ಬದಲಾವಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ, 8.5.6ನೇ ಕಲಮು ಕೇಳುವುದೂ ಅದನ್ನೇ.

ಸಲಹೆಗಳ ಸಂಖ್ಯೆಗೆ ಗುರಿ ಇಡಬೇಡಿ. ಗುರಿ ಇಟ್ಟರೆ ತಿಂಗಳ ಕೊನೆಯ ವಾರ ‘ಇಲ್ಲೊಂದು ಬೋರ್ಡ್ ಹಾಕಿ’ ಎಂಬ ಚೀಟಿಗಳು ಡಬ್ಬಿ ತುಂಬುತ್ತವೆ. ಅದರ ಬದಲು ಸಲಹೆ ಕೊಟ್ಟ ದಿನದಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಹೋದ ದಿನದವರೆಗೆ ಎಷ್ಟು ದಿನವಾಯಿತು ಎಂದು ಅಳೆಯಿರಿ. ಇಲ್ಲ ಎಂದಿದ್ದರೆ ಕಾರಣ ಬರೆದಿದೆಯೇ ನೋಡಿ. ಎನ್‌ಸಿಗಳ ಸಂಖ್ಯೆಯನ್ನು ವಿಭಾಗಗಳ ಸಾಧನೆಯ ಅಂಕಿಯಾಗಿ ಬಳಸುವುದನ್ನೂ ನಿಲ್ಲಿಸಬೇಕು. ಎನ್‌ಸಿ ಕಡಿಮೆ ಇದ್ದವರಿಗೆ ಶಹಬ್ಬಾಸ್‌ಗಿರಿ ಕೊಟ್ಟರೆ ಎನ್‌ಸಿ ಕಡಿಮೆಯಾಗುವುದಿಲ್ಲ, ಬರೆಯುವುದು ಕಡಿಮೆಯಾಗುತ್ತದೆ. ಕೆಲಸದ ಸ್ಥಳದಿಂದ ಭಯವನ್ನು ಓಡಿಸಿ ಎಂದು ಗುಣಮಟ್ಟ ತಜ್ಞ ಡೆಮಿಂಗ್ ತಮ್ಮ ಹದಿನಾಲ್ಕು ಸೂತ್ರಗಳಲ್ಲಿ ಸೇರಿಸಿದ್ದು ಇಂಥದ್ದನ್ನು ಕಂಡೇ. ಸರಿಪಡಿಸುವ ಕ್ರಮದ ಕಾಲಂನಲ್ಲಿ ‘ಆಪರೇಟರ್‌ಗೆ ಮರುತರಬೇತಿ ನೀಡಲಾಯಿತು’ ಎಂದು ಬರೆದು ಮುಚ್ಚಿದ ಎನ್‌ಸಿಗಳನ್ನು ಒಮ್ಮೆ ಎಣಿಸಿ ನೋಡಿ. ಅವು ಬಹುಪಾಲಿದ್ದರೆ ಅಲ್ಲಿ ಮೂಲಕಾರಣ ಹುಡುಕುವ ಕೆಲಸ ನಡೆದಿಲ್ಲವೆಂದೇ ಅರ್ಥ.

ದೊಡ್ಡ ಹೊಸತಿಗೆ ಈ ಯಾವ ತಿದ್ದುಪಡಿಯೂ ಸಾಲದು. ಅದಕ್ಕೆ ಬೇರೆ ಕೊಠಡಿ, ಬೇರೆ ಖಾತೆ, ಬೇರೆ ಪರಿಶೀಲನಾ ಸಭೆ ಬೇಕು. ಸಣ್ಣ ಘಟಕದಲ್ಲಿ ಅದು ಒಂದು ಹಳೆಯ ಯಂತ್ರ, ಇಬ್ಬರು ವ್ಯಕ್ತಿ, ವಾರಕ್ಕೆ ಒಂದು ದಿನ ಎಂಬಷ್ಟು ಸಣ್ಣದಾಗಿರಬಹುದು. ಅಲ್ಲಿ ದಾಖಲೆ ಎಂದರೆ ದಿನಾಂಕ ಹಾಕಿದ ಒಂದು ನೋಟ್ ಬುಕ್. ಅಲ್ಲಿ ತಯಾರಾದದ್ದು ಮಾರಾಟಕ್ಕೆ ಹೊರಡುವ ದಿನದಿಂದ ಮಾತ್ರ ಉಳಿದ ನಿಯಮಗಳು ಅನ್ವಯ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಝೆಡ್ (ಶೂನ್ಯ ದೋಷ, ಶೂನ್ಯ ಪರಿಣಾಮ) ಯೋಜನೆಯಲ್ಲಿ ಅದರ ಪ್ರಮಾಣೀಕರಣದ ಶುಲ್ಕಕ್ಕೆ ಸಹಾಯಧನವಿದೆ, ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮ ಗಾತ್ರದವಕ್ಕೆ ಶೇ 50. ಆ ಉಳಿತಾಯವನ್ನು ಈ ಕೊಠಡಿಗೆ ತಿರುಗಿಸಬಹುದು.

ಕೈಪಿಡಿಯ ಯಾವ ಭಾಗದಿಂದ ಶುರುಮಾಡುವುದು ಎಂದು ಕೇಳುವವರು ಕೆಲಸದ ಸೂಚನೆಗಳ ಕೆಳಗಿನ ಪರಿಷ್ಕರಣೆಯ ಕಾಲಂ ನೋಡಲಿ. ಐದು ವರ್ಷದಿಂದ ‘ರೆವ್ 00’ (ಒಮ್ಮೆಯೂ ಪರಿಷ್ಕರಣೆಯಾಗಿಲ್ಲ) ಎಂದೇ ಇರುವ ಹಾಳೆಗಳನ್ನು ಪಕ್ಕಕ್ಕೆ ತೆಗೆದು, ಆ ಯಂತ್ರದ ಮುಂದೆ ಮೂರೂ ಶಿಫ್ಟಿನಲ್ಲಿ ಅರ್ಧರ್ಧ ಗಂಟೆ ನಿಂತು, ಹಾಳೆಯಲ್ಲಿರುವುದಕ್ಕೂ ಕೈಯಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸಗಳನ್ನು ಬರೆದುಕೊಳ್ಳಬೇಕು. ಹಾಗೆ ಬರೆದುಕೊಳ್ಳುವವರ ಕೈಯಲ್ಲಿ ಆ ದಿನ ಎನ್‌ಸಿ ಫಾರ್ಮ್ ಇರಬಾರದು, ಇಲ್ಲದಿದ್ದರೆ ಟೂಲ್ ಬಾಕ್ಸಿನ ಮುಚ್ಚಳ ತೆರೆದು ಯಾರೂ ತೋರಿಸುವುದಿಲ್ಲ.